ದನಿ ಮಗುವಿನದು, ಹೊಣೆ ಯಾರದು?

ಎಳೆಯರು ಬರೆಯಬೇಕು ಎಂದು ನಾವೆಲ್ಲರೂ ಸಭೆಗಳಲ್ಲಿ ಹೇಳುತ್ತೇವೆ. ಅವರು ನಿಜವಾಗಿ ಬರೆದು, ಬರೆದದ್ದನ್ನು ಲೋಕದ ಮುಂದೆ ಇಟ್ಟಾಗ ಮಾತ್ರ ನಮಗೆ ಕಸಿವಿಸಿಯಾಗುತ್ತದೆ. ಮಗಳು ಚೆನ್ನಾಗಿ ಬರೆಯುತ್ತಾಳೆ ಎಂದು ನೆಂಟರ ಮುಂದೆ ಹೆಮ್ಮೆಪಡುವ ತಂದೆಯೇ, ಅವಳು ಬರೆದದ್ದನ್ನು ಮೊಹಲ್ಲಾದವರೆಲ್ಲ ಮೊಬೈಲಿನಲ್ಲಿ ಓದಿದ್ದಾರೆಂದು ತಿಳಿದ ಕೂಡಲೇ ಗಾಬರಿಗೊಳ್ಳುತ್ತಾನೆ. ಈ ಗಾಬರಿಯಲ್ಲಿ ನಾಲ್ಕು ಜನ ಏನೆಂದಾರು ಎಂಬ ಹಳೆಯ ಅಂಜಿಕೆಯೂ ಇದೆ, ನಿಜವಾದ ಅಪಾಯದ ಅರಿವೂ ಇದೆ. ಎರಡನ್ನೂ ಬೇರ್ಪಡಿಸಿ ನೋಡುವ ತಾಳ್ಮೆ ನಮಗೆ ಬೇಕಾಗಿದೆ.

ಹಿಂದೆ ಬರೆಯುವುದಕ್ಕೂ ಪ್ರಕಟಿಸುವುದಕ್ಕೂ ನಡುವೆ ದೊಡ್ಡ ಅಂತರವಿತ್ತು. ಆ ಅಂತರದಲ್ಲಿ ಮೇಷ್ಟ್ರು, ಅಂಚೆಯವ, ಸಂಪಾದಕ, ಮೊಳೆ ಜೋಡಿಸುವವ ಹೀಗೆ ಹಲವರು ನಿಂತಿರುತ್ತಿದ್ದರು. ಅವರಿಂದ ಎಷ್ಟೋ ಒಳ್ಳೆಯ ಬರಹಗಳು ಕಸದ ಬುಟ್ಟಿ ಸೇರಿದ್ದುಂಟು. ಅವರಿಂದಲೇ ಎಷ್ಟೋ ಎಳೆಯರು ದುಡುಕಿನಿಂದ ಪಾರಾಗಿದ್ದೂ ಉಂಟು. 1999ರಲ್ಲಿ 'ಬ್ಲಾಗರ್' ಎಂಬ ಸೇವೆ ಶುರುವಾಗಿ, 2003ರಲ್ಲಿ ಗೂಗಲ್ ಅದನ್ನು ಕೊಂಡ ಮೇಲೆ, ಈ ಅಂತರ ಒಂದು ಗುಂಡಿ ಒತ್ತುವಷ್ಟಕ್ಕೆ ಇಳಿಯಿತು. 1998ರಲ್ಲಿ ಬಂದ 'ಬರಹ' ತಂತ್ರಾಂಶ, ಆಮೇಲೆ ಬಳಕೆಗೆ ಬಂದ ಯೂನಿಕೋಡ್ ಇವುಗಳಿಂದ ಕನ್ನಡದ ಹುಡುಗ ಹುಡುಗಿಯರೂ ತಮ್ಮದೇ ಪುಟ ತೆರೆದರು. ಅಂಥ ಪುಟಗಳಲ್ಲಿ ಹಲವು ಇಂದು ಗುಡಿಸುವವರಿಲ್ಲದ ಅಂಗಳದಂತೆ ಬಿದ್ದಿವೆ. ಎಳೆಯರು ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ಗಳಿಗೆ ಹೋಗಿದ್ದಾರೆ. ಆದರೆ ಬ್ಲಾಗು ಎತ್ತಿದ ಪ್ರಶ್ನೆ ಹಳತಾಗಿಲ್ಲ. ನಡುವಿನವರು ಯಾರೂ ಇಲ್ಲದೆ ಒಂದು ಎಳೆಯ ಜೀವ ಇಡೀ ಲೋಕದೊಡನೆ ಮಾತನಾಡಬಹುದೇ? ಮಾತನಾಡಿದರೆ ಅದರ ಬೆಲೆ ಯಾರು ಕೊಡಬೇಕು?

ಈ ಬಗ್ಗೆ ಶಾಲೆಗಳಲ್ಲಿ ಭಾಷಣ ಸ್ಪರ್ಧೆ ನಡೆಯುತ್ತದೆ. ಮಕ್ಕಳು ಲಾಭಗಳನ್ನು ಒಂದು ಕಡೆ, ಅಪಾಯಗಳನ್ನು ಇನ್ನೊಂದು ಕಡೆ ಪಟ್ಟಿ ಮಾಡುತ್ತಾರೆ. ಭಾಷೆ ಸುಧಾರಿಸುತ್ತದೆ, ಆತ್ಮವಿಶ್ವಾಸ ಬೆಳೆಯುತ್ತದೆ, ಸ್ನೇಹಿತರು ಸಿಗುತ್ತಾರೆ. ಹೊತ್ತು ಹಾಳಾಗುತ್ತದೆ, ಫೋಟೋ ಕದಿಯುತ್ತಾರೆ, ಕೆಟ್ಟವರು ಗಂಟುಬೀಳುತ್ತಾರೆ. ಪಟ್ಟಿ ಸುಳ್ಳಲ್ಲ. ಆದರೆ ಕಿರಾಣಿ ಅಂಗಡಿಯ ಲೆಕ್ಕದಂತಹ ಈ ಪಟ್ಟಿ ಒಂದು ಮುಖ್ಯ ವಿಷಯವನ್ನು ಮರೆಯುತ್ತದೆ: ಲಾಭ ಯಾರ ಖಾತೆಗೆ ಜಮೆಯಾಗುತ್ತದೆ, ನಷ್ಟ ಯಾರ ಖಾತೆಯಿಂದ ಕಳೆಯುತ್ತದೆ? ಇಬ್ಬರೂ ಒಬ್ಬರೇ ಆಗಿದ್ದರೆ ಅದು ಅವರವರ ವ್ಯವಹಾರ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಎಂದಾದರೆ ಅದು ನ್ಯಾಯದ ಪ್ರಶ್ನೆಯಾಗುತ್ತದೆ. ಇದನ್ನು ತಿಳಿಯಲು ನಮ್ಮ ಕಾಲದ ಒಂದು ಪ್ರಸಿದ್ಧ ಉದಾಹರಣೆಯನ್ನೇ ನೋಡೋಣ.

2008ರ ಕೊನೆಯಲ್ಲಿ ಪಾಕಿಸ್ತಾನದ ಸ್ವಾತ್ ಕಣಿವೆ ತಾಲಿಬಾನಿಗಳ ಹಿಡಿತದಲ್ಲಿತ್ತು. ಅವರ ನಾಯಕ ಫಜ್ಲುಲ್ಲಾ ಎಫ್‌ಎಂ ರೇಡಿಯೋದಲ್ಲಿ ಕಟ್ಟಳೆಗಳನ್ನು ಸಾರುತ್ತಿದ್ದ. 2009ರ ಜನವರಿ 15ರ ನಂತರ ಹೆಣ್ಣುಮಕ್ಕಳು ಶಾಲೆಗೆ ಹೋಗಕೂಡದು ಎಂಬ ಆಜ್ಞೆ ಹೊರಟಿತ್ತು. ಅಲ್ಲಿ ನಡೆಯುತ್ತಿರುವುದನ್ನು ಒಬ್ಬ ವಿದ್ಯಾರ್ಥಿನಿಯ ಕಣ್ಣಿನಿಂದ ಹೇಳಿಸಬೇಕೆಂದು ಬಿಬಿಸಿ ಉರ್ದು ವಿಭಾಗಕ್ಕೆ ಅನ್ನಿಸಿತು. ಪೇಶಾವರದಲ್ಲಿದ್ದ ಅದರ ವರದಿಗಾರ ಅಬ್ದುಲ್ ಹೈ ಕಾಕಡ್, ಮಿಂಗೋರಾ ಪಟ್ಟಣದಲ್ಲಿ ಶಾಲೆ ನಡೆಸುತ್ತಿದ್ದ ಜಿಯಾವುದ್ದೀನ್ ಯೂಸುಫ್‌ಜೈ ಅವರನ್ನು ಕೇಳಿದರು. ಮೊದಲು ಸ್ವಲ್ಪ ದೊಡ್ಡ ಹುಡುಗಿಯೊಬ್ಬಳು ಒಪ್ಪಿದಳು. ಅವಳ ಮನೆಯವರು ಅಪಾಯಕ್ಕೆ ಹೆದರಿ ಬೇಡವೆಂದರು. ಆಗ ಜಿಯಾವುದ್ದೀನರ ಮಗಳು, ಹನ್ನೊಂದು ವರ್ಷದ ಮಲಾಲಾ, ತಾನು ಬರೆಯುತ್ತೇನೆಂದು ಮುಂದೆ ಬಂದಳು.

ಮಲಾಲಾ ಮುಂದೆ ತನ್ನ ಆತ್ಮಕಥೆಯಲ್ಲಿ ಆ ದಿನಗಳ ಬಗ್ಗೆ ಹೇಳಿಕೊಂಡಿದ್ದಾಳೆ. ಕಾಕಡ್ ಅವರಿಗೆ ತಮ್ಮ ಫೋನಿನ ಮೇಲೆ ಯಾರೋ ಕಿವಿಯಿಟ್ಟಿದ್ದಾರೆಂಬ ಅನುಮಾನವಿತ್ತು. ಹಾಗಾಗಿ ಅವರು ಹೆಂಡತಿಯ ಫೋನಿನಿಂದ ಮಲಾಲಾಳ ತಾಯಿಯ ಫೋನಿಗೆ ಕರೆ ಮಾಡುತ್ತಿದ್ದರು. ಅವಳು ಆ ದಿನ ಕಂಡದ್ದನ್ನು, ಅನ್ನಿಸಿದ್ದನ್ನು ಹೇಳುವಳು, ಅವರು ಬರೆದುಕೊಳ್ಳುವರು. ಇಬ್ಬರ ಮನೆಮಾತೂ ಪಶ್ತೋ. ಆದರೂ ದಿನಚರಿ ಉರ್ದುವಿನಲ್ಲಿ ಬರಬೇಕಾದ್ದರಿಂದ ಕೆಲವೊಮ್ಮೆ ಉರ್ದುವಿನಲ್ಲೇ ಮಾತನಾಡುತ್ತಿದ್ದರಂತೆ. ಅವಳ ನಿಜವಾದ ಹೆಸರು ಹೊರಬೀಳದಂತೆ ಪಶ್ತೋ ಜನಪದ ಕಥೆಯೊಂದರ ನಾಯಕಿ 'ಗುಲ್ ಮಕಾಯ್' ಎಂಬ ಹೆಸರನ್ನು ಇಟ್ಟರು. 2009ರ ಜನವರಿ 3ರಂದು ಮೊದಲ ಕಂತು ಬಂತು. ಅದರಲ್ಲಿ ಇದ್ದದ್ದು ಭಯದ ಮಾತು. ತರಗತಿಯ ಇಪ್ಪತ್ತೇಳು ಹುಡುಗಿಯರಲ್ಲಿ ಹನ್ನೊಂದೇ ಮಂದಿ ಬಂದಿದ್ದರು ಎಂಬ ಲೆಕ್ಕವಿತ್ತು. ಮುಂದಿನ ಕಂತುಗಳಲ್ಲಿ ಸಮವಸ್ತ್ರ ಬಿಟ್ಟು ಬಣ್ಣದ ಬಟ್ಟೆ ಹಾಕಿಕೊಂಡು ಹೋದ ದಿನವಿತ್ತು. ಚಳಿಗಾಲದ ರಜೆ ಘೋಷಿಸಿದ ಮುಖ್ಯೋಪಾಧ್ಯಾಯಿನಿ ಶಾಲೆ ಮತ್ತೆ ತೆರೆಯುವ ದಿನಾಂಕ ಹೇಳದೆ ಹೋದದ್ದಿತ್ತು. ದೊಡ್ಡ ವರದಿಗಾರರು ಹೆಲಿಕಾಪ್ಟರ್ ಮತ್ತು ಫಿರಂಗಿಗಳ ಲೆಕ್ಕ ಕೊಡುತ್ತಿದ್ದಾಗ ಈ ಹುಡುಗಿ ಖಾಲಿ ಬೆಂಚುಗಳ ಲೆಕ್ಕ ಕೊಟ್ಟಳು. ಸ್ವಾತ್ ಅನ್ನು ಲೋಕ ಅರ್ಥಮಾಡಿಕೊಂಡದ್ದು ಈ ಎರಡನೆಯ ಲೆಕ್ಕದಿಂದ.

ಹಾಗಾದರೆ ಬರೆದ ಹುಡುಗಿಗೆ ಸಿಕ್ಕಿದ್ದೇನು? ಮೊದಲನೆಯದು, ನೋಡುವ ಶಿಸ್ತು. ಸಂಜೆ ಫೋನ್ ಬರುತ್ತದೆ, ಏನಾದರೂ ಹೇಳಬೇಕು ಎಂದು ಗೊತ್ತಿರುವ ಮಗು ಬೆಳಗಿನಿಂದಲೇ ಕಣ್ಣು ತೆರೆದು ನಡೆಯುತ್ತದೆ. ಭಯಪಡುವವಳು ಮಾತ್ರವಾಗಿದ್ದವಳು ಭಯವನ್ನು ಗಮನಿಸುವವಳೂ ಆಗುತ್ತಾಳೆ. ಬರವಣಿಗೆ ಎಳೆಯರಿಗೆ ಕೊಡುವ ಬಹು ದೊಡ್ಡ ಕಾಣಿಕೆ ಇದು, ಪ್ರಶಸ್ತಿಗಿಂತಲೂ ದೊಡ್ಡದು.

ಎರಡನೆಯದು, ಮನೆಯಾಚೆಯ ಭಾಷೆಯೊಂದರಲ್ಲಿ ತನ್ನದೇ ದನಿ. ಇದರ ಬೆಲೆ ನಮ್ಮಂಥವರಿಗೆ ಸುಲಭವಾಗಿ ತಿಳಿಯುತ್ತದೆ. ಮನೆಯಲ್ಲಿ ದಖನಿ, ಮದರಸಾದಲ್ಲಿ ಅರಬ್ಬಿ, ಪ್ರಾಥಮಿಕ ಶಾಲೆಯಲ್ಲಿ ಪುಸ್ತಕದ ಉರ್ದು, ಹೈಸ್ಕೂಲಿನಲ್ಲಿ ಕನ್ನಡ ಹೀಗೆ ನಾಲ್ಕು ಮೆಟ್ಟಿಲು ಹತ್ತಿ ಬಂದವರು ನಾವು. ಕರಾವಳಿಯಲ್ಲಿ ದಖನಿಯ ಜಾಗದಲ್ಲಿ ಬ್ಯಾರಿ ಇರುತ್ತದೆ, ಅಷ್ಟೇ ವ್ಯತ್ಯಾಸ. ಅಮ್ಮಿ ಅಡುಗೆಮನೆಯಲ್ಲಿ ಆಡಿದ ಮಾತನ್ನು ಕನ್ನಡದಲ್ಲಿ ಬರೆಯಲು ಹೊರಟಾಗ, ಈ ಭಾಷೆ ನನ್ನದು ಹೌದೋ ಅಲ್ಲವೋ ಎಂಬ ಅಳುಕು ಎಳೆಯ ವಯಸ್ಸಿನಲ್ಲಿ ಎಲ್ಲರಿಗೂ ಇರುತ್ತದೆ. ಓದಿದವನೊಬ್ಬ 'ಮುಂದೇನಾಯಿತು?' ಎಂದು ಕೇಳಿದ ದಿನ ಆ ಅಳುಕು ಅರ್ಧ ಹೋಗುತ್ತದೆ. ಸಂಪಾದಕರ ವಿಳಾಸ ಗೊತ್ತಿಲ್ಲದ, ಅಂಚೆಚೀಟಿಗೆ ಕಾಸಿಲ್ಲದ, ಸಾಹಿತ್ಯ ಸಭೆಗೆ ಹೋಗಲು ಮನೆಯಲ್ಲಿ ಅಪ್ಪಣೆಯಿಲ್ಲದ ಹುಡುಗಿಗೆ ಅಂಥ ಓದುಗ ಸಿಗುವಂತೆ ಮಾಡಿದ್ದು ಈ ಹೊಸ ಪುಟಗಳೇ. ಬ್ಲಾಗನ್ನು ಬೈಯುವ ಮುನ್ನ ಈ ಋಣವನ್ನು ಒಪ್ಪಿಕೊಳ್ಳಬೇಕು.

ಈಗ ಲೋಕಕ್ಕೆ ಸಿಕ್ಕಿದ್ದರ ಲೆಕ್ಕ. ಬಿಬಿಸಿಗೆ ಬೇರೆ ಯಾರ ಬಳಿಯೂ ಇಲ್ಲದ ಬರಹ ಸಿಕ್ಕಿತು. ಓದುಗರಿಗೆ ಮರುಕಪಡುವ ಅವಕಾಶ ಸಿಕ್ಕಿತು. ತಾಲಿಬಾನಿಗಳ ವಿರುದ್ಧ ಮಾತನಾಡಲು ಹಿಂಜರಿಯುತ್ತಿದ್ದ ಎಷ್ಟೋ ದೊಡ್ಡವರಿಗೆ ತಮ್ಮ ಪರವಾಗಿ ಮಾತನಾಡುವ ಒಂದು ಮಗು ಸಿಕ್ಕಿತು. ಲಾಹೋರಿನಲ್ಲೋ ಲಂಡನ್ನಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಅದನ್ನು ಓದಿದ ಯಾರ ಮನೆಯ ಬಾಗಿಲನ್ನೂ ಯಾರೂ ತಟ್ಟಲಿಲ್ಲ. ಅಪಾಯವೆಲ್ಲ ಮಿಂಗೋರಾದ ಒಂದು ಮನೆಯ ಮೇಲೆ ಇತ್ತು.

ಆ ಇನ್ನೊಬ್ಬ ಹುಡುಗಿಯನ್ನು ಇಲ್ಲಿ ನೆನೆಯಬೇಕು. ಮೊದಲು ಒಪ್ಪಿ, ಮನೆಯವರು ಬೇಡವೆಂದದ್ದರಿಂದ ಹಿಂದೆ ಸರಿದವಳು. ಸಿನಿಮಾದ ಕಥೆಯಾಗಿದ್ದರೆ ಅವಳ ತಂದೆತಾಯಿಯನ್ನು ಹೇಡಿಗಳೆಂದು ತೋರಿಸುತ್ತಿದ್ದರು. ಅವರು ಹೇಡಿಗಳೇ? ಹತ್ತಿರದ ಶಾಲೆಗಳಿಗೆ ಬಾಂಬು ಬೀಳುತ್ತಿದ್ದಾಗ, ಚೌಕದಲ್ಲಿ ಹೆಣಗಳನ್ನು ಬಿಸಾಡುತ್ತಿದ್ದಾಗ, ನನ್ನ ಮಗಳ ಮಾತಿಗಿಂತ ಅವಳ ಜೀವ ದೊಡ್ಡದು ಎಂದ ತಂದೆತಾಯಿಗಳನ್ನು ದೂರದಲ್ಲಿ ಕ್ಷೇಮವಾಗಿರುವ ನಾವು ಯಾವ ಬಾಯಿಂದ ಹಳಿಯುವುದು? ಧೈರ್ಯ ಅನ್ನುವುದು ಅವರವರು ತಮ್ಮ ಗಂಟಿನಿಂದ ಖರ್ಚು ಮಾಡಬೇಕಾದ ಹಣ. ಇನ್ನೊಬ್ಬರ ಮಗುವಿನ ಗಂಟಿನಿಂದ ಅದನ್ನು ಖರ್ಚು ಮಾಡಿಸುವ ಹಕ್ಕು ಯಾವ ಪತ್ರಿಕೆಗೂ, ಯಾವ ಚಳವಳಿಗೂ, ಯಾವ ಓದುಗನಿಗೂ ಇಲ್ಲ. ಮಲಾಲಾಳ ತಂದೆ ತಾನೇ ಬೆದರಿಕೆಗಳ ನಡುವೆ ಬಹಿರಂಗವಾಗಿ ಮಾತನಾಡುತ್ತಿದ್ದವರು. ಮಗಳಿಗೆ ಹೂಂ ಎನ್ನುವ ಮೊದಲು ತಾವೇ ಆ ಬೆಂಕಿಯಲ್ಲಿ ನಿಂತಿದ್ದರು. ಆದ್ದರಿಂದ ಅವರ ಒಪ್ಪಿಗೆಗೆ ಒಂದು ಅರ್ಥವಿತ್ತು. ಆ ಇನ್ನೊಂದು ಮನೆಯ ನಿರಾಕರಣೆಗೂ ಅಷ್ಟೇ ಅರ್ಥವಿತ್ತು ಎಂದು ನನ್ನ ನಂಬಿಕೆ.

ದಿನಚರಿ ನಡೆದದ್ದು ಸುಮಾರು ಹತ್ತು ವಾರ. ಅಷ್ಟೂ ಕಾಲ ಗುಲ್ ಮಕಾಯ್ ಯಾರೆಂದು ಲೋಕಕ್ಕೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಆ ದಿನಚರಿಯ ಮಾತು ಬರುವುದು, ಬರೆದವಳು ಸುಮ್ಮನೆ ಕೇಳಿಸಿಕೊಳ್ಳುವುದು ನಡೆದಿತ್ತಂತೆ. ಆ ಕಳ್ಳಹೆಸರು ನಾಚಿಕೆಯ ವಿಷಯವಲ್ಲ. ಉರ್ದು ಸಾಹಿತ್ಯದಲ್ಲಿ ಅದಕ್ಕೆ ದೊಡ್ಡ ಪರಂಪರೆಯೇ ಇದೆ. 1898ರಲ್ಲಿ ಲಾಹೋರಿನಲ್ಲಿ ಸೈಯದ್ ಮುಮ್ತಾಜ್ ಅಲಿ ಮತ್ತು ಅವರ ಪತ್ನಿ ಮುಹಮ್ಮದಿ ಬೇಗಂ 'ತಹ್ಜೀಬೆ ನಿಸ್ವಾನ್' ಎಂಬ ಮಹಿಳಾ ಪತ್ರಿಕೆ ಆರಂಭಿಸಿದಾಗ, ಪರದೆಯ ಮನೆಗಳ ಹೆಣ್ಣುಮಕ್ಕಳಿಗೆ ಬರೆಯುವ ಆಸೆಯೂ ಇತ್ತು, ಹೆಸರು ಅಚ್ಚಾಗುವ ಭಯವೂ ಇತ್ತು. ಅವರು ಇಂಥವರ ಮಗಳು, ಇಂಥವರ ಹೆಂಡತಿ ಎಂದು ಸಹಿ ಹಾಕಿ ಬರೆದರು. ಕಾದಂಬರಿಗಾರ್ತಿ ಖುರ್ರತುಲ್ ಐನ್ ಹೈದರ್ ಅವರ ತಾಯಿ ನಜರ್ ಸಜ್ಜಾದ್ ಹೈದರ್ ಮದುವೆಗೆ ಮುಂಚೆ ಬರೆದದ್ದು 'ಬಿಂತೆ ನಜರುಲ್ ಬಾಖರ್' ಎಂಬ ಹೆಸರಿನಲ್ಲಿ, ಅಂದರೆ ನಜರುಲ್ ಬಾಖರರ ಮಗಳು ಎಂದು. ಇಪ್ಪತ್ತೆಂಟು ತುಂಬುವ ಮೊದಲೇ ತೀರಿಕೊಂಡ ಕವಯಿತ್ರಿ ಜಾಹಿದಾ ಖಾತೂನ್ ಶೇರ್ವಾನಿಯನ್ನು ಓದುಗರು ಬಲ್ಲದ್ದು 'ಜೆ, ಖೆ, ಶೀನ್' ಎಂಬ ಮೂರು ಅಕ್ಷರಗಳಿಂದ ಮಾತ್ರ. ಕನ್ನಡದಲ್ಲಿಯೂ ಅನಸೂಯಾ ಶಂಕರ್ ಅವರು ತ್ರಿವೇಣಿ ಆಗಿಯೇ ಮನೆಮನೆ ತಲುಪಿದರು. ಕಾರಣಗಳು ಬೇರೆ ಬೇರೆ ಇರಬಹುದು. ಆದರೆ ದನಿಯನ್ನು ಹೊರಗೆ ಕಳಿಸಿ ಮುಖವನ್ನು ಒಳಗೆ ಇಟ್ಟುಕೊಳ್ಳುವ ಸ್ವಾತಂತ್ರ್ಯ ಅವರಿಗಿತ್ತು. ಪರದೆಯನ್ನು ನಾವು ಯಾವಾಗಲೂ ಬಂಧನವೆಂದೇ ಚರ್ಚಿಸುತ್ತೇವೆ. ಬರೆಯುವವಳ ಕೈಯಲ್ಲಿ ಅದು ಕೆಲವೊಮ್ಮೆ ಗುರಾಣಿಯೂ ಆಗಿತ್ತು, ಅದನ್ನು ಯಾವಾಗ ತೆಗೆಯಬೇಕೆಂಬುದು ಅವಳ ಇಚ್ಛೆಯಾಗಿದ್ದಾಗ.

ಗುಲ್ ಮಕಾಯ್‌ಳ ಪರದೆ ಬಹಳ ದಿನ ಉಳಿಯಲಿಲ್ಲ. 2009ರಲ್ಲೇ ನ್ಯೂಯಾರ್ಕ್ ಟೈಮ್ಸ್‌ನ ಸಾಕ್ಷ್ಯಚಿತ್ರದಲ್ಲಿ ಮಲಾಲಾ ಮತ್ತು ಅವಳ ತಂದೆ ಕಾಣಿಸಿಕೊಂಡರು. ಅದೇ ವರ್ಷ ದಿನಚರಿ ಬರೆದವಳು ಅವಳೇ ಎಂದು ಹೊರಬಿತ್ತು. ಸಂದರ್ಶನಗಳು ಬಂದವು, 2011ರ ಡಿಸೆಂಬರಿನಲ್ಲಿ ಪಾಕಿಸ್ತಾನದ ರಾಷ್ಟ್ರೀಯ ಯುವ ಶಾಂತಿ ಪ್ರಶಸ್ತಿ ಬಂತು. 2012ರ ಅಕ್ಟೋಬರ್ 9ರಂದು ಶಾಲೆಯ ವಾಹನವನ್ನು ತಡೆದ ತಾಲಿಬಾನ್ ಬಂದೂಕುಧಾರಿ ಮಲಾಲಾ ಯಾರೆಂದು ಹೆಸರು ಹಿಡಿದು ಕೇಳಿಯೇ ಗುಂಡು ಹಾರಿಸಿದ. ಜೊತೆಯಲ್ಲಿದ್ದ ಇನ್ನಿಬ್ಬರು ಹುಡುಗಿಯರೂ ಗಾಯಗೊಂಡರು. ಅವಳಿಗೆ ಆಗ ಹದಿನೈದು ವರ್ಷ. ಆ ಸಾಕ್ಷ್ಯಚಿತ್ರಕ್ಕೆ ದುಡಿದಿದ್ದ ಪೇಶಾವರದ ಸೈಯದ್ ಇರ್ಫಾನ್ ಅಶ್ರಫ್, ಪ್ರತಿಭೆಯುಳ್ಳ ಮಕ್ಕಳನ್ನು ದೊಡ್ಡವರ ಕೊಳಕು ಯುದ್ಧಕ್ಕೆ ಎಳೆದು ತರುವ ಮಾಧ್ಯಮಗಳ ನಡತೆಯನ್ನು ದಾಳಿಯ ನಂತರ ಪತ್ರಿಕೆಯಲ್ಲಿ ಬರೆದು ಪ್ರಶ್ನಿಸಿದರು. ಅಪರಾಧ ಗುಂಡು ಹಾರಿಸಿದವನದು ಮತ್ತು ಅವನನ್ನು ಕಳಿಸಿದವರದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಅಪರಾಧ ಬೇರೆ, ಹೊಣೆ ಬೇರೆ. ಮಳೆಗಾಲದಲ್ಲಿ ನದಿ ಉಕ್ಕುವುದು ಅಂಬಿಗನ ತಪ್ಪಲ್ಲ. ದೋಣಿಗೆ ಮಗುವನ್ನು ಹತ್ತಿಸಿಕೊಂಡ ಮೇಲೆ ಅದನ್ನು ದಡ ಮುಟ್ಟಿಸುವುದು ಅವನ ಹೊಣೆ.

ಇದಕ್ಕೆ ಒಂದು ಬಲವಾದ ಎದುರುಮಾತಿದೆ. ಮಲಾಲಾ ಯಾರ ಕೈಗೊಂಬೆಯೂ ಆಗಿರಲಿಲ್ಲ, ಅವಳೇ ಬಯಸಿ ಬರೆದಳು, ಅವಳೇ ಬಯಸಿ ಹೆಸರು ಹೇಳಿಕೊಂಡಳು ಎನ್ನುವುದು. ಈ ಮಾತು ಸರಿ. ಹನ್ನೊಂದು ವರ್ಷದ ಹುಡುಗಿ ಇಷ್ಟು ಬರೆಯಲಾರಳು, ಎಲ್ಲ ಅಪ್ಪ ಬರೆದದ್ದು ಎಂದು ಅವಳ ದೇಶದಲ್ಲೇ ಹಲವರು ಹೀಯಾಳಿಸಿದರು. ಹುಡುಗಿಯ ಕೈಯಿಂದ ಬಂದದ್ದನ್ನು ಅವಳದಲ್ಲ ಎನ್ನುವುದು ಹಳೆಯ ರೋಗ. ನಮ್ಮಲ್ಲಿಯೂ ಹೆಣ್ಣುಮಕ್ಕಳು ಬರೆದ ಕಥೆಯನ್ನು ಅಣ್ಣ ತಿದ್ದಿಕೊಟ್ಟಿರಬೇಕು ಎನ್ನುವವರಿದ್ದಾರೆ. ಎಳೆಯರಿಗೆ ಇಚ್ಛೆ ಇದೆ, ವಿವೇಕವೂ ಇದೆ. ಅದನ್ನು ಅಲ್ಲಗಳೆದು ಅವರನ್ನು ಕಾಪಾಡಲು ಹೋದರೆ ಕಾಪಾಡಿದ್ದು ಅವರ ದೇಹವನ್ನು ಮಾತ್ರ. ಆದರೆ ಅವರಿಗೆ ಇಚ್ಛೆ ಇದೆ ಎಂದ ಮಾತ್ರಕ್ಕೆ ನಮ್ಮ ಹೊಣೆ ಕಳೆಯುವುದಿಲ್ಲ. 'ಅವಳೇ ಒಪ್ಪಿದಳಲ್ಲ' ಎನ್ನುವ ಮಾತನ್ನು ಸಾಮಾನ್ಯವಾಗಿ ಲಾಭ ಪಡೆದವರೇ ಆಡುತ್ತಾರೆ. ಬಾಲ್ಯವಿವಾಹದ ಮಂಟಪದಲ್ಲಿಯೂ ಈ ಮಾತು ಕೇಳಿಬರುತ್ತದೆ.

ಬರೆದದ್ದಕ್ಕೆ ಬೆಲೆ ತೆತ್ತ ವಯಸ್ಕರೂ ಇದ್ದಾರೆ. ಸೌದಿ ಅರೇಬಿಯಾದ ರೈಫ್ ಬದವಿ 2012ರಲ್ಲಿ ಬಂಧಿತನಾಗಿ, ಹತ್ತು ವರ್ಷ ಸೆರೆ ಮತ್ತು ಸಾವಿರ ಛಡಿಯೇಟಿನ ಶಿಕ್ಷೆಗೆ ಗುರಿಯಾಗಿ, ಅದರಲ್ಲಿ ಐವತ್ತನ್ನು 2015ರ ಜನವರಿಯಲ್ಲಿ ತಿಂದು, 2022ರಲ್ಲಿ ಬಿಡುಗಡೆಯಾದ. ಬಾಂಗ್ಲಾದೇಶದಲ್ಲಿ 2015ರ ಒಂದೇ ವರ್ಷದಲ್ಲಿ ಅವಿಜಿತ್ ರಾಯ್ ಸೇರಿ ನಾಲ್ವರು ಬ್ಲಾಗ್ ಬರಹಗಾರರನ್ನು ಕೊಚ್ಚಿ ಕೊಂದರು. ಅವರು ಬರೆದದ್ದನ್ನು ಒಪ್ಪಬೇಕಾಗಿಲ್ಲ. ನಂಬಿಕೆಯುಳ್ಳವನ ಉತ್ತರ ಬರಹದಲ್ಲಿರಬೇಕು, ಮಚ್ಚಿನಲ್ಲಲ್ಲ. ಅವರು ತಿಳಿದು ಆ ದಾರಿ ಹಿಡಿದ ದೊಡ್ಡವರು. ಹದಿಮೂರು ಹದಿನಾಲ್ಕರ ಮಗುವಿಗೆ ಅದೇ ಅಳತೆಗೋಲು ಹಿಡಿಯಲಾಗದು.

ಮುಖ ಮರೆಸುವ ಸ್ವಾತಂತ್ರ್ಯದ ಇನ್ನೊಂದು ಮುಖವನ್ನೂ ನೋಡದಿದ್ದರೆ ಈ ವಿಚಾರ ಪೂರ್ತಿಯಾಗದು. 2022ರ ಜನವರಿ 1ರಂದು ನಮ್ಮ ದೇಶದ ನೂರಕ್ಕೂ ಹೆಚ್ಚು ಮುಸ್ಲಿಂ ಮಹಿಳೆಯರ ಫೋಟೋಗಳನ್ನು 'ಹರಾಜಿಗೆ' ಇಟ್ಟ ಒಂದು ಆ್ಯಪ್ ಕಾಣಿಸಿಕೊಂಡಿತು. ಅದಕ್ಕೆ ಆರು ತಿಂಗಳ ಹಿಂದೆ, 2021ರ ಜುಲೈನಲ್ಲಿ, ಅಂಥದ್ದೇ ಇನ್ನೊಂದು ಬಂದಿತ್ತು. ಗುರಿಯಾದವರು ಪತ್ರಕರ್ತೆಯರು, ಬರಹಗಾರ್ತಿಯರು, ತಮ್ಮ ಹೆಸರಿನಲ್ಲೇ ಬಹಿರಂಗವಾಗಿ ಅಭಿಪ್ರಾಯ ಹೇಳುತ್ತಿದ್ದವರು. 2022ರ ಪ್ರಕರಣದಲ್ಲಿ ಬಂಧಿತರಾದ ಆರೋಪಿಗಳ ವಯಸ್ಸು ನೋಡಿದರೆ ಎದೆ ಝಲ್ಲೆನ್ನುತ್ತದೆ: ಉತ್ತರಾಖಂಡದ ಹದಿನೆಂಟರ ಹುಡುಗಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಇಪ್ಪತ್ತೊಂದರ ಹುಡುಗ. ಬೇರೊಂದು ಸಮುದಾಯದ ಹೆಸರುಗಳ ಮರೆಯಲ್ಲಿ ಖಾತೆಗಳು ನಡೆಯುತ್ತಿದ್ದವು ಎಂದು ಪೊಲೀಸರು ಹೇಳಿದರು. ಇಲ್ಲಿಯೂ ಕಳ್ಳಹೆಸರೇ. ತನ್ನ ನೋವನ್ನು ಹೇಳಿಕೊಳ್ಳಲು ಹೊದ್ದ ಮುಸುಕು ಒಂದು, ಇನ್ನೊಬ್ಬರಿಗೆ ನೋವು ಕೊಡಲು ತೊಟ್ಟ ಮುಖವಾಡ ಇನ್ನೊಂದು. ಮಕ್ಕಳ ವಿಷಯದಲ್ಲಿ ನಾವು ಮೊದಲನೆಯ ಅಪಾಯವನ್ನೇ ಮಾತನಾಡುತ್ತೇವೆ. ಯಾರೋ ನಮ್ಮ ಮಗುವನ್ನು ನೋಯಿಸಿಯಾರು ಎಂದು ಅಂಜುತ್ತೇವೆ. ನಮ್ಮ ಮಗು ಬಾಗಿಲು ಹಾಕಿಕೊಂಡು ಯಾರನ್ನು ನೋಯಿಸುತ್ತಿದೆ ಎಂದು ಕೇಳುವುದಿಲ್ಲ. ಆ ಆರೋಪಿಗಳ ಮನೆಯಲ್ಲಿಯೂ ಮಗು ಕಂಪ್ಯೂಟರಿನಲ್ಲಿ ಏನೋ ಕಲಿಯುತ್ತಿದೆ ಎಂದೇ ತಿಳಿದಿದ್ದಿರಬೇಕು.

ಕೊನೆಯದಾಗಿ ಇನ್ನೊಂದು ಅಪಾಯ. ಇದು ರಕ್ತ ಹರಿಸುವಂಥದಲ್ಲ, ಹಾಗಾಗಿ ಸುದ್ದಿಯಾಗುವುದಿಲ್ಲ: ಮನಸ್ಸು ಬದಲಾಯಿಸುವ ಹಕ್ಕನ್ನು ಕಳೆದುಕೊಳ್ಳುವುದು. ನಮ್ಮ ಹೈಸ್ಕೂಲಿನಲ್ಲಿ ಕೈಬರಹದ ಪತ್ರಿಕೆಯೊಂದಿತ್ತು. ಒಂದೇ ಪ್ರತಿ, ಗ್ರಂಥಾಲಯದ ಮೇಜಿನ ಮೇಲೆ ದಾರ ಕಟ್ಟಿ ಇಟ್ಟಿರುತ್ತಿದ್ದರು. ಒಮ್ಮೆ ಸಹಪಾಠಿಯೊಬ್ಬ ತನ್ನ ಮನೆಯ ಜಗಳವನ್ನೆಲ್ಲ ಕಥೆ ಮಾಡಿ ಬರೆದುಕೊಟ್ಟ. ಕನ್ನಡ ಮೇಷ್ಟ್ರು ಓದಿ, ಬರೆದದ್ದು ಒಳ್ಳೆಯದಾಯಿತು ಎಂದರು. ಪತ್ರಿಕೆಗೆ ಹಾಕಬೇಕೋ ಬೇಡವೋ ಎಂಬುದನ್ನು ಒಂದು ವಾರ ಬಿಟ್ಟು ನೀನೇ ಬಂದು ಹೇಳು ಎಂದರು. ವಾರದ ನಂತರ ಅವನು ಹೋಗಿ ಕಥೆಯನ್ನು ವಾಪಸು ತಂದ. ಆ ಮೇಷ್ಟ್ರು ಅವನ ಬರಹವನ್ನು ತಿರಸ್ಕರಿಸಲೂ ಇಲ್ಲ, ಎಲ್ಲರ ಮುಂದೆ ಹರಡಲೂ ಇಲ್ಲ. ಅವನಿಗೆ ಒಂದು ವಾರ ಕೊಟ್ಟರು. ಇಂದಿನ ಯಾವ ಯಂತ್ರವೂ ಎಳೆಯರಿಗೆ ಈ ಒಂದು ವಾರವನ್ನು ಕೊಡುವುದಿಲ್ಲ. ಸಿಟ್ಟಿನಲ್ಲಿ ಬರೆದದ್ದು ಸಿಟ್ಟು ಇಳಿಯುವ ಮೊದಲೇ ನೂರು ಜನರ ಕೈ ಸೇರಿರುತ್ತದೆ. ಅಳಿಸಿದರೂ ಯಾರೋ ಅದರ ಚಿತ್ರ ತೆಗೆದಿಟ್ಟಿರುತ್ತಾರೆ. ಹದಿನಾರರಲ್ಲಿ ಆಡಿದ ಮಾತು ಇಪ್ಪತ್ತಾರರಲ್ಲಿ ನೌಕರಿಗೋ ಮದುವೆಯ ಮಾತುಕತೆಗೋ ಹೋದಾಗ ಎದುರಿಗೆ ಬಂದು ಕೂರುತ್ತದೆ.

ಕಾನೂನು ಇದನ್ನು ಗಮನಿಸದೆ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಹೇಳಿದಾಗ, ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ, ಮನುಷ್ಯರಿಗಿರುವ ಮರೆವು ಅಂತರ್ಜಾಲಕ್ಕೆ ಇಲ್ಲವೆಂಬುದನ್ನೂ ಬಾಲ್ಯದ ತಪ್ಪುಗಳು ಜೀವನಪೂರ್ತಿ ಬೆನ್ನಟ್ಟಬಾರದೆಂಬುದನ್ನೂ ಪ್ರಸ್ತಾಪಿಸಿದ್ದರು. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ನಿಯಮಾವಳಿ, ಮಗುವಾಗಿದ್ದಾಗ ಅಪಾಯ ತಿಳಿಯದೆ ಕೊಟ್ಟ ಒಪ್ಪಿಗೆಯನ್ನು ಹಿಂಪಡೆದು ಮಾಹಿತಿ ಅಳಿಸುವ ಹಕ್ಕಿನ ಬಗ್ಗೆ ವಿಶೇಷವಾಗಿ ಹೇಳುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹದಿನೆಂಟು ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆದರೆ ಅದೇ ಕಾಯ್ದೆಯ ಮೂರನೆಯ ಕಲಮಿನಲ್ಲಿ ಒಂದು ವಿನಾಯಿತಿಯಿದೆ. ತನ್ನ ಮಾಹಿತಿಯನ್ನು ತಾನೇ ಬಹಿರಂಗಪಡಿಸಿದವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಅಲ್ಲಿ ಕೊಟ್ಟಿರುವ ದೃಷ್ಟಾಂತ, ತನ್ನ ಅಭಿಪ್ರಾಯಗಳನ್ನು ಬ್ಲಾಗಿನಲ್ಲಿ ಬರೆಯುತ್ತ ವೈಯಕ್ತಿಕ ವಿವರ ಹಂಚಿಕೊಂಡ ಒಬ್ಬ ಮಹಿಳೆಯದೇ! ಅಂದರೆ ಕಂಪನಿ ಕಿತ್ತುಕೊಂಡದ್ದಕ್ಕೆ ಕಾನೂನಿನ ರಕ್ಷಣೆಯಿದೆ. ನೀನಾಗಿ ಬರೆದು ಲೋಕದ ಮುಂದಿಟ್ಟದ್ದಕ್ಕೆ ನೀನೇ ಹೊಣೆ. ವಯಸ್ಕರಿಗೆ ಇದು ಒಪ್ಪುವ ಮಾತಿರಬಹುದು. ಎಳೆಯರ ಮಟ್ಟಿಗೆ, ಕಾನೂನು ಕೈಬಿಡುವ ಈ ಜಾಗದಲ್ಲೇ ಹಿರಿಯರು ಕೈಹಿಡಿಯಬೇಕಾಗಿದೆ.

ಕೈಹಿಡಿಯುವುದು ಅಂದರೇನು? ಬಾಗಿಲು ಮುಚ್ಚುವುದೇ? ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ತಡೆಯುವ ಕಾನೂನು ಜಾರಿಗೆ ತಂದಿತು. ಮಕ್ಕಳ ಹೊಣೆಯನ್ನು ಮಕ್ಕಳ ಮೇಲೆ ಹೊರಿಸದೆ ಕಂಪನಿಗಳ ಮೇಲೆ ಹೊರಿಸಿದ್ದು ಅದರ ಒಳ್ಳೆಯ ಗುಣ. ಆದರೆ ಬಾಗಿಲು ಮುಚ್ಚಿದ ಮನೆಯಲ್ಲಿ ಮಗುವಿನ ಮಾತನ್ನು ಕೇಳುವ ಕಿವಿ ತಾನಾಗಿ ಹುಟ್ಟುವುದಿಲ್ಲ. ನಮ್ಮ ಮನೆಗಳಲ್ಲಂತೂ ನಿಷೇಧ ಅಂದರೆ ಅದು ಹೆಣ್ಣುಮಕ್ಕಳಿಗೆ ಮಾತ್ರ. ಮಗನ ಕೈಯ ಮೊಬೈಲು ಮಗನ ಕೈಯಲ್ಲೇ ಇರುತ್ತದೆ, ಮಗಳದು ಕಪಾಟು ಸೇರುತ್ತದೆ. ಮಾತನಾಡಬೇಕಾದವಳ ಬಾಯಿ ಮುಚ್ಚಿ, ಕೈ ಹಿಡಿದು ತಡೆಯಬೇಕಾದವನನ್ನು ಹಾಗೆಯೇ ಬಿಟ್ಟಂತಾಗುತ್ತದೆ.

ಗುಲ್ ಮಕಾಯ್‌ಳ ಕಥೆಯ ಮೊದಲ ಹತ್ತು ವಾರಗಳನ್ನೇ ಮತ್ತೊಮ್ಮೆ ನೋಡಿ. ಅಲ್ಲಿ ಒಬ್ಬ ನಡುವಿನವನಿದ್ದ. ಮಗುವಿನ ಹೆಸರನ್ನು ಅಡಗಿಸಿದ, ಬೇರೆ ಫೋನು ಬಳಸಿದ, ದಿನವೂ ಕೇಳಿಸಿಕೊಂಡ, ಅವಳ ಮಾತನ್ನು ತನ್ನ ಮಾತಾಗಿ ಮಾಡಿಕೊಳ್ಳಲಿಲ್ಲ. ಮನೆಯಲ್ಲಿ ತಂದೆತಾಯಿಗೆ ವಿಷಯ ತಿಳಿದಿತ್ತು. ಬ್ಲಾಗು ತೊಡೆದುಹಾಕಿದೆ ಎಂದು ನಾವು ತಿಳಿದ ಆ ನಡುವಿನವನನ್ನು ಈ ಪ್ರಸಿದ್ಧ ಬ್ಲಾಗು ಉಳಿಸಿಕೊಂಡಿತ್ತು. ಅಂಥ ನಡುವಿನವರು ಇಂದು ಪ್ರತಿ ಊರಿಗೂ ಬೇಕು. ಅಣ್ಣನೋ ಅಕ್ಕನೋ ಮೇಷ್ಟ್ರೋ ಗ್ರಂಥಪಾಲಕರೋ ಯಾರಾದರೂ ಆಗಬಹುದು. ಅವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಬರೆದದ್ದನ್ನು ಮೊದಲು ಓದಬೇಕು. ಯಾವ ಹೆಸರು, ಯಾವ ಶಾಲೆ, ಯಾವ ಬೀದಿ ಹೊರಬೀಳುತ್ತದೆ ಎಂದು ತೋರಿಸಬೇಕು. ಇದರಲ್ಲಿ ಇನ್ನೊಬ್ಬರ ಗುಟ್ಟು ಇದೆಯೇ, ಇನ್ನೊಬ್ಬರಿಗೆ ನೋವಿದೆಯೇ ಎಂದು ಕೇಳಬೇಕು. ಹಾಕುವ ನಿರ್ಧಾರಕ್ಕೆ ಒಂದು ವಾರ ಕೊಟ್ಟು, ನಿರ್ಧಾರವನ್ನು ಬರೆದವರಿಗೇ ಬಿಡಬೇಕು. ಹಾಕಿದ ಮೇಲೆ ಏನಾದರೂ ಆದರೆ ಆಗಲೇ ಹೇಳಿರಲಿಲ್ಲವೇ ಎನ್ನದೆ ಪಕ್ಕದಲ್ಲಿ ನಿಲ್ಲಬೇಕು.

ಓದುಗರಾದ ನಮಗೂ ಒಂದು ಕೆಲಸವಿದೆ. ಎಳೆಯರ ದಿಟ್ಟ ಬರಹವನ್ನು ಕಂಡ ಕೂಡಲೇ ಅದನ್ನು ನೂರು ಗುಂಪುಗಳಿಗೆ ಕಳಿಸುವ, ಬರೆದವರು ಯಾರು, ಯಾರ ಮಗಳು ಎಂದು ಹುಡುಕುವ ಚಟವನ್ನು ಬಿಡಬೇಕು. ನಾವು ಹೊಗಳುವುದಕ್ಕಾಗಿಯೇ ಹುಡುಕುತ್ತೇವೆ, ನಿಜ. ಆದರೆ ನಾವು ತೋರಿಸಿಕೊಟ್ಟ ದಾರಿಯಲ್ಲೇ ಬೇರೆಯವರೂ ಹೋಗಿ ಆ ಮನೆಯ ಬಾಗಿಲು ತಟ್ಟಬಹುದು.

ಮಲಾಲಾ ಬದುಕಿ ಉಳಿದಳು. 2014ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ನಮ್ಮ ಕೈಲಾಶ್ ಸತ್ಯಾರ್ಥಿಯವರೊಡನೆ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡಳು. ದಾಳಿಯ ನಂತರ ಸ್ವಾತ್‌ನ ತನ್ನ ಮನೆಯನ್ನು ಮತ್ತೆ ನೋಡಲು ಅವಳು 2018ರ ತನಕ ಕಾಯಬೇಕಾಯಿತು. ಪ್ರಶಸ್ತಿಯ ಮಾತು ಬಂದಾಗಲೆಲ್ಲ ಈ ಐದೂವರೆ ವರ್ಷಗಳನ್ನೂ ಎಣಿಸಬೇಕು. ಮನೆಯವರ ಮಾತು ಕೇಳಿ ಹಿಂದೆ ಸರಿದ ಆ ಇನ್ನೊಬ್ಬ ಹುಡುಗಿಯ ದಿನಚರಿಯನ್ನು ಲೋಕ ಓದಲೇ ಇಲ್ಲ. ಅದು ಲೋಕಕ್ಕೆ ನಷ್ಟ. ಆದರೆ ಬರೆಯಲು ಬಯಸುವ ಒಂದು ಮಗುವಿಗೆ ಬರಹ, ಜೀವ ಎರಡರಲ್ಲಿ ಒಂದನ್ನೇ ಆರಿಸಿಕೋ ಎನ್ನುವ ಸ್ಥಿತಿ ಬರಬಾರದು. ಬಂದರೆ ಅದು ಆ ಮಗುವಿನ ಸೋಲೂ ಅಲ್ಲ, ಅದರ ತಂದೆತಾಯಿಯ ಸೋಲೂ ಅಲ್ಲ. ಸುತ್ತ ನಿಂತು ಓದುತ್ತಿರುವ ನಮ್ಮೆಲ್ಲರದು.